ಮನೆಯ ಬೀಗ, ಊರಿನ ಕಾವಲು



ಚರಿತ್ರೆಯ ಪುಸ್ತಕಗಳಲ್ಲಿ ಕೋಟೆಗಳಿಗೂ ಫಿರಂಗಿಗಳಿಗೂ ದೊರೆತಿರುವ ಸ್ಥಾನ ಮನೆಯ ಬೀಗಕ್ಕೆ ದೊರೆತಿಲ್ಲ. ಆದರೂ ದಿನವೂ ಮಲಗುವುದಕ್ಕೆ ಮೊದಲು ಗೃಹಸ್ಥನು ಮುಟ್ಟಿ ನೋಡುವ ವಸ್ತು ಅದು. ಊರಿಗೆ ಹೊರಟವನು ನಾಲ್ಕು ಹೆಜ್ಜೆ ನಡೆದು, ಮತ್ತೆ ಹಿಂದಿರುಗಿ, ಒಮ್ಮೆ ಜಗ್ಗಿ ನೋಡಿ ಸಮಾಧಾನಪಟ್ಟುಕೊಳ್ಳುವುದೂ ಅದನ್ನೇ. ನಾವು ಇಷ್ಟು ನೆಚ್ಚಿಕೊಂಡಿರುವ ಈ ಲೋಹದ ತುಂಡು ನಮ್ಮ ಬಾಗಿಲಿಗೆ ಬಂದ ಬಗೆ ಯಾವುದು, ಅದು ಬರುವುದಕ್ಕೆ ಮುಂಚೆ ಮನೆಗಳನ್ನು ಕಾಯುತ್ತಿದ್ದವರು ಯಾರು, ಹಳೆಯ ಬೀಗವನ್ನು ತೆಗೆದು ಹೊಸದನ್ನು ಹಾಕಬೇಕಾದ ಸಮಯ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಈ ಭಾಷಣದಲ್ಲಿ ವಿಚಾರಮಾಡೋಣ.

ಇದಕ್ಕೆ ಉದಾಹರಣೆಯಾಗಿ ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ನಾಲ್ಕು ಸೀಮೆಗಳನ್ನು ಆರಿಸಿಕೊಂಡಿದೆ: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ. ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ ನದಿಗಳು ಹರಿಯುವ ನಾಡು ಇದು. ಹಳೆಯ ಕೋಟೆ, ಒಕ್ಕಲು ಹಳ್ಳಿ, ಕಾಡಿನ ಹಾಡಿ, ಹೊಸದಾಗಿ ಗೆರೆಯೆಳೆದು ಕಟ್ಟಿದ ಪಟ್ಟಣ ಈ ನಾಲ್ಕೂ ಇಲ್ಲಿ ಒಂದು ದಿನದ ಪ್ರಯಾಣದೊಳಗೆ ಕಾಣಸಿಗುವುದರಿಂದ ನಮ್ಮ ವಿಚಾರಕ್ಕೆ ಅನುಕೂಲವಾಗಿದೆ.

ಮೊದಲು ಕೋಟೆಯ ಮಾತು. ಶತ್ರುವಿನ ಭಯವಿದ್ದ ಕಾಲದಲ್ಲಿ ಊರಿಗೆಲ್ಲ ಸೇರಿ ಒಂದು ಬಾಗಿಲು ಇರುತ್ತಿದ್ದಿತು. ಸೂರ್ಯಾಸ್ತವಾದ ಮೇಲೆ ಹೆಬ್ಬಾಗಿಲು ಮುಚ್ಚುವುದು. ಹೊತ್ತು ಮೀರಿ ಬಂದವನನ್ನು ವಿಚಾರಿಸಿ ದಿಡ್ಡಿ ಬಾಗಿಲಿನಿಂದ ಒಳಕ್ಕೆ ಬಿಡುವುದು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮ ನಾಲಗೆಯ ಮೇಲೆ ಉಳಿದಿರುವುದು ಆ ಕಾಲದ ಅನುಭವದಿಂದ. ಪಿರಿಯಾಪಟ್ಟಣವು ಚಂಗಾಳ್ವ ಅರಸರ ಊರು. ಹೆಗ್ಗಡದೇವನಕೋಟೆಯ ಹೆಸರಿನಲ್ಲಿಯೇ ಕೋಟೆಯೂ ಅದನ್ನು ಆಳಿದವನೂ ಸೇರಿಕೊಂಡಿದ್ದಾರೆ. ಇಂಥ ಊರುಗಳಲ್ಲಿ ಮನೆಯ ಕಾವಲೆಂದರೆ ಬಹಳಮಟ್ಟಿಗೆ ಊರಿನ ಕಾವಲೇ ಆಗಿದ್ದಿತು.

ಈ ಬಗೆಯ ಕಾವಲಿನ ಬಲವೂ ಅದರ ಅಪಾಯವೂ ಪಿರಿಯಾಪಟ್ಟಣದ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. 1644ರಲ್ಲಿ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ಆ ಕೋಟೆಯನ್ನು ಹಿಡಿದರು. ಕೋಟೆ ಉಳಿಯುವುದಿಲ್ಲವೆಂದು ತಿಳಿದ ವೀರರಾಜನು ಹೆಂಡತಿಮಕ್ಕಳನ್ನು ತನ್ನ ಕೈಯಿಂದಲೇ ಕೊಂದು, ಕತ್ತಿ ಹಿಡಿದು ಶತ್ರುಗಳ ನಡುವೆ ಬಿದ್ದನೆಂದು ಹೇಳಿಕೆಯುಂಟು. ಪಿರಿಯಾಪಟ್ಟಣದ ಕಾಳಗವನ್ನು ಜನಪದ ಗಾಯಕರು ಹಾಡಿಕೊಂಡು ಬಂದಿದ್ದಾರೆ. ಊರಿಗೆ ಒಂದೇ ಬಾಗಿಲಾದರೆ, ಅದು ಬಿದ್ದ ದಿನ ಊರಿನ ಎಲ್ಲ ಮನೆಗಳೂ ಒಟ್ಟಿಗೆ ಬಯಲಾಗುತ್ತವೆ. 1791ರಲ್ಲಿ ಜನರಲ್ ಅಬರ್‌ಕ್ರೋಂಬಿಯ ಸೈನ್ಯ ಕೊಡಗಿನ ದಾರಿಯಾಗಿ ಪಿರಿಯಾಪಟ್ಟಣದ ಕಡೆಗೆ ಬಂದಾಗಲೂ ಈ ಗಡಿಯೂರು ಕಷ್ಟಕ್ಕೆ ಸಿಕ್ಕಿತು. ದೇಶದಲ್ಲಿ ಶಾಂತಿ ನೆಲೆಸಿದ ಮೇಲೆ ಕೋಟೆಯ ಬಾಗಿಲುಗಳನ್ನು ಮುಚ್ಚುವವರೂ ಇಲ್ಲವಾದರು, ಮುಚ್ಚುವ ಅಗತ್ಯವೂ ಇಲ್ಲವಾಯಿತು. ಸೈನ್ಯದ ಭಯ ಹೋಯಿತು. ಕಳ್ಳನ ಭಯ ಮಾತ್ರ ಉಳಿಯಿತು.

ಇನ್ನು ಮನೆಯ ಬಾಗಿಲಿಗೆ ಬರೋಣ. ನಮ್ಮ ಕಡೆಯ ಹಳೆಯ ತೊಟ್ಟಿಮನೆಯ ಬಾಗಿಲನ್ನು ನೋಡಿದವರಿಗೆ ಒಂದು ವಿಷಯ ಹೊಳೆಯದೆ ಇರದು. ಅದರ ಬಂದೋಬಸ್ತೆಲ್ಲ ಒಳಗಡೆಯದು. ದಪ್ಪವಾದ ಹಲಗೆಯ ಕದ, ಒಳಗಿನಿಂದ ಹಾಕುವ ಅಗುಳಿ, ಚಿಲಕ, ಗೋಡೆಯ ತೂತಿನಿಂದ ಎಳೆದು ಬಾಗಿಲಿಗೆ ಅಡ್ಡಲಾಗಿ ಇಡುವ ಮರದ ತೊಲೆ. ಹಳೆಯ ಕಾವ್ಯಗಳನ್ನು ಓದಿದವರು ಲಾಳವಿಂಡಿಗೆಯೆಂಬ ಹೆಸರಿನಿಂದ ಈ ತೊಲೆಯನ್ನು ಬಲ್ಲರು. ಹೊರಗಡೆ ಹೆಚ್ಚೆಂದರೆ ಒಂದು ಸರಪಳಿ, ಒಂದು ಕೊಂಡಿ. ಇದಕ್ಕೆ ಕಾರಣ ಸುಲಭವಾಗಿದೆ. ಮನೆಯೆಲ್ಲ ಖಾಲಿಯಾಗಿ ಎಲ್ಲರೂ ಹೊರಗೆ ಹೋಗುವ ಸಂದರ್ಭ ಆ ಕುಟುಂಬಗಳಲ್ಲಿ ಅಪರೂಪ. ಅಜ್ಜಿಯೋ, ಬಾಣಂತಿಯೋ, ದನ ಕಟ್ಟುವ ಆಳೋ ಯಾರಾದರೊಬ್ಬರು ಒಳಗೆ ಇದ್ದೇ ಇರುತ್ತಿದ್ದರು. ಒಳಗೆ ಮನುಷ್ಯನಿರುವ ಮನೆಗೆ ಹೊರಗಿನ ಬೀಗದಿಂದ ಏನು ಪ್ರಯೋಜನ? ಬೀಗ ಹಾಕುತ್ತಿದ್ದುದು ಮನೆಯ ಒಳಗಿನ ಉಗ್ರಾಣಕ್ಕೆ ಮತ್ತು ಪೆಟ್ಟಿಗೆಗೆ. ಧಾನ್ಯಕ್ಕೆ ನೆಲದಡಿಯ ಹಗೇವು ಇದ್ದಿತು. ಅದರ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಅದೇ ಅದರ ಬೀಗ.

ಬಾಗಿಲು ಇಷ್ಟು ಭದ್ರವಾಗಿದ್ದ ಮೇಲೆ ಕಳ್ಳನು ಬರುವುದು ಎಲ್ಲಿಂದ? ನಮ್ಮ ಭಾಷೆಯೇ ಉತ್ತರವನ್ನು ಹೇಳುತ್ತದೆ. ಮನೆಗಳ್ಳತನಕ್ಕೆ ಕನ್ನಡದಲ್ಲಿ ಕನ್ನ ಹಾಕುವುದು, ಕನ್ನ ಕೊರೆಯುವುದು ಎನ್ನುತ್ತೇವೆ. ಕನ್ನವೆಂದರೆ ಗೋಡೆಯಲ್ಲಿ ಕೊರೆದ ಕಂಡಿ. ಮಣ್ಣಿನ ಗೋಡೆಗಳ ನಾಡಿನಲ್ಲಿ ಬಾಗಿಲಿಗಿಂತ ಗೋಡೆ ಮೃದುವಾಗಿತ್ತು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಕನ್ನದ ಮಾರಿತಂದೆಯೆಂಬ ಶರಣನ ಹೆಸರೇ ಉಂಟು. ಶೂದ್ರಕನ ಮೃಚ್ಛಕಟಿಕ ನಾಟಕದ ಮೂರನೆಯ ಅಂಕದಲ್ಲಿ ಶರ್ವಿಲಕನು ಗೋಡೆಯ ಮುಂದೆ ನಿಂತು, ಕನ್ನಕ್ಕೆ ಯಾವ ಆಕಾರ ಕೊಟ್ಟರೆ ಚೆಂದವೆಂದು ಆಲೋಚಿಸುತ್ತಾನೆ. ಬೀಗವನ್ನು ಬಿಡಿಸುವ ಚಿಂತೆ ಅವನಿಗೆ ಅಷ್ಟಾಗಿ ಇಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೇ ವಿಷಯ ಬಂದಿದೆ. ಈ ಗ್ರಂಥದ ಹಸ್ತಪ್ರತಿಯನ್ನು ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು, ನಮಗೆ ಅದು ನೆರೆಮನೆಯ ಗ್ರಂಥದಂತೆ ಆತ್ಮೀಯವಾದುದು. ಅದರ ನಾಲ್ಕನೆಯ ಅಧಿಕರಣದಲ್ಲಿ, ಕಳುವಾದ ಮನೆಯನ್ನು ಪರೀಕ್ಷಿಸುವ ಕ್ರಮವನ್ನು ಹೇಳಿದೆ. ಬಾಗಿಲನ್ನು ಬಿಟ್ಟು ಬೇರೆ ದಾರಿಯಿಂದ ಒಳಹೊಕ್ಕಿದ್ದಾರೆಯೇ, ಕಿಟಕಿಯೋ ಮಾಡೋ ಒಡೆದಿದೆಯೇ, ಗೋಡೆ ಕೊರೆದ ಮಣ್ಣು ಯಾವ ಕಡೆಗೆ ಬಿದ್ದಿದೆ, ಹೂತಿಟ್ಟ ಹಣದ ಜಾಗ ಮನೆಯವರ ಸೂಚನೆಯಿಲ್ಲದೆ ತಿಳಿಯಲು ಸಾಧ್ಯವಿತ್ತೇ ಎಂಬುದನ್ನೆಲ್ಲ ನೋಡಿ, ಕೆಲಸ ಒಳಗಿನವರದೋ ಹೊರಗಿನವರದೋ ಇಬ್ಬರೂ ಕೂಡಿದ್ದೋ ಎಂದು ನಿರ್ಣಯಿಸಬೇಕು. ಈ ವಿವೇಚನೆಯನ್ನು ನೆನಪಿನಲ್ಲಿಡಬೇಕು. ಎಷ್ಟು ಗಟ್ಟಿಯಾದ ಬಾಗಿಲಾದರೂ ಹೊರಗಿನವನಿಗೆ ಮಾತ್ರ ತಡೆ. ಒಳಗಿನ ಗುಟ್ಟು ತಿಳಿದವನಿಗೆ ಅದು ತಡೆಯಾಗಲಾರದು.

ಗೋಡೆಯೂ ಅಗುಳಿಯೂ ಸಾಲದೆ ಬಂದಲ್ಲಿ ಕಾವಲಿಗೆ ಮನುಷ್ಯನೇ ಬೇಕಾಗಿದ್ದಿತು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗೌಡ, ಶಾನುಭೋಗ, ಕಮ್ಮಾರ, ಬಡಗಿ ಮೊದಲಾದ ಆಯಗಾರರ ಜತೆಯಲ್ಲಿ ತಳವಾರ, ತೋಟಿಯೆಂಬ ಇಬ್ಬರು ಕಾವಲುಗಾರರು ಇದ್ದರು. ಅಪರಾಧದ ಸುಳಿವು ಹಿಡಿಯುವುದು, ದಾರಿಹೋಕರನ್ನು ಊರಿಂದೂರಿಗೆ ಕಳುಹಿಸಿಕೊಡುವುದು ತಳವಾರನ ಕೆಲಸ. ಊರಿನೊಳಗಿನ ಕಾವಲು, ಪೈರಿನ ಕಾವಲು, ಅಳತೆಗೆ ಸಹಾಯ ಇವು ತೋಟಿಯ ಕೆಲಸ. ಸಂಬಳಕ್ಕೆ ಬದಲು ಇನಾಮು ಭೂಮಿ ಮತ್ತು ಸುಗ್ಗಿಯಲ್ಲಿ ಕಣದಿಂದ ದೊರೆಯುವ ಧಾನ್ಯದ ಪಾಲು. ಕಾವಲಿನ ಹೊಣೆ ಬರಿಯ ಮಾತಿನದಾಗಿರಬಾರದೆಂಬುದು ನಮ್ಮಲ್ಲಿ ಪ್ರಾಚೀನವಾದ ಎಣಿಕೆ. ವರ್ತಕರ ಸರಕು ಹಳ್ಳಿಗಳ ನಡುವೆ ಕಳುವಾದರೆ ನಷ್ಟವನ್ನು ಅಧಿಕಾರಿ ತುಂಬಿಕೊಡಬೇಕೆಂದು ಅರ್ಥಶಾಸ್ತ್ರವೇ ವಿಧಿಸಿದೆ.

ಈ ಏರ್ಪಾಡನ್ನು ನೆನೆದು ಹಿಂದಿನ ಕಾಲವೇ ಚೆನ್ನಾಗಿದ್ದಿತು, ಬೀಗವಿಲ್ಲದೆ ಮಲಗುತ್ತಿದ್ದರು ಎಂದು ನಿಟ್ಟುಸಿರುಬಿಡುವವರು ಉಂಟು. ಅವರು ಒಂದು ಸಂಗತಿಯನ್ನು ಮರೆಯುತ್ತಾರೆ. ಮೈಸೂರು ಸೀಮೆಯಲ್ಲಿ ತೋಟಿಯ ಕೆಲಸ ಬಹುಮಟ್ಟಿಗೆ ಹೊಲೆಯರೆಂದು ಕರೆಯಿಸಿಕೊಂಡು ಊರಿನ ಹೊರಗೆ ಇರಬೇಕಾದವರ ಪಾಲಿಗೆ ಬಂದಿದ್ದಿತು. ಅಪ್ಪನಿಂದ ಮಗನಿಗೆ ಇಳಿಯುತ್ತಿದ್ದ ಈ ಚಾಕರಿಯಲ್ಲಿ ಅವರು ರಾತ್ರಿಯೆಲ್ಲ ಎಚ್ಚರವಿದ್ದು ಯಾವ ಮನೆಗಳನ್ನು ಕಾಯುತ್ತಿದ್ದರೋ ಆ ಮನೆಗಳ ಹೊಸ್ತಿಲನ್ನು ಹಗಲಿನಲ್ಲಿ ದಾಟುವಂತಿರಲಿಲ್ಲ. ಊರಿನ ನೆಮ್ಮದಿಯ ನಿದ್ರೆಗೆ ಬೆಲೆ ತೆರುತ್ತಿದ್ದವನು ತೋಟಿ. ಆ ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. 1961ರ ಕರ್ನಾಟಕ ಗ್ರಾಮ ಪದಾಧಿಕಾರಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು, ವಂಶಪಾರಂಪರ್ಯದ ಈ ಹುದ್ದೆಗಳನ್ನು ತೆಗೆದುಹಾಕಿತು. ಅದು ನ್ಯಾಯವಾದ ಕೆಲಸ. ಆದರೆ ಅಂದಿನಿಂದ ಕಾವಲಿನ ಹೊಣೆ ಪೂರ್ತಿಯಾಗಿ ಮನೆಯವನ ಮೇಲೆ, ಅಂದರೆ ಅವನ ಬೀಗದ ಮೇಲೆ ಬಿದ್ದಿತು. ಬೀಗವನ್ನು ಕುರಿತು ನಾವು ಸ್ವಲ್ಪ ಶ್ರಮಪಟ್ಟು ತಿಳಿದುಕೊಳ್ಳಬೇಕೆಂಬುದಕ್ಕೆ ಇದೇ ಮುಖ್ಯ ಕಾರಣ.

ಕಾವಲನ್ನು ಮನುಷ್ಯನಿಂದ ಬೀಗಕ್ಕೆ ಒಪ್ಪಿಸುವ ಪದ್ಧತಿಯನ್ನು ಕ್ರಮವಾಗಿ ನಡೆಸಿ ತೋರಿಸಿದುದು ಸರ್ಕಾರ. ಹುಣಸೂರು ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರದ ಉಗ್ರಾಣಗಳ ಊರು. ಅಮೃತಮಹಲ್ ದನಗಳ ಇಲಾಖೆಯ ಕೇಂದ್ರ ಅಲ್ಲಿದ್ದಿತು. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ, ಗಾಡಿಗಳು ಅಲ್ಲಿ ತಯಾರಾಗುತ್ತಿದ್ದುವು. ಮೈಸೂರು ಸಂಸ್ಥಾನದಲ್ಲಿ ಶ್ರೀಗಂಧದ ಮರ ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ ಸೊತ್ತಾಗಿದ್ದಿತು. ಕಡಿದು ತಂದ ಗಂಧವನ್ನು ಕೂಡಿಡುವ ಕೋಠಿಗಳಲ್ಲಿ ಹುಣಸೂರಿನದೂ ಒಂದು. ಬೆಲೆಬಾಳುವ ವಸ್ತುಗಳನ್ನು ಅನೇಕರ ಕೈದಾಟಿಸಿ ಇಡಬೇಕಾದಲ್ಲಿ ಬೀಗ ಒಂದೇ ಸಾಲದು. ಬೀಗದ ಮೇಲೆ ಅರಗಿನ ಮುದ್ರೆ, ತೂಕದ ಪುಸ್ತಕ, ತೆಗೆದವರ ರುಜು ಇವೂ ಬೇಕು. ಬೀಗಮುದ್ರೆಯೆಂಬ ಜೋಡುಪದ ಹುಟ್ಟಿರುವುದು ಈ ಅಗತ್ಯದಿಂದಲೇ.

ತಾಲ್ಲೂಕು ಖಜಾನೆಗಳಲ್ಲಿ ಇನ್ನೂ ಸೊಗಸಾದ ಕ್ರಮವುಂಟು. ಭದ್ರವಾದ ಕೊಠಡಿಗೆ ಎರಡು ಬೀಗಗಳು. ಎರಡರ ಬೀಗದ ಕೈಗಳೂ ಬೇರೆಬೇರೆಯವರ ವಶದಲ್ಲಿ. ಇಬ್ಬರೂ ಒಟ್ಟಿಗೆ ಬಂದು ನಿಂತ ಹೊರತು ಬಾಗಿಲು ತೆರೆಯುವುದಿಲ್ಲ. ಇಂದಿನ ಬ್ಯಾಂಕಿನ ಲಾಕರಿನಲ್ಲಿಯೂ ಇದೇ ತತ್ತ್ವವಿದೆ: ಬ್ಯಾಂಕಿನವರ ಒಂದು ಕೈ, ಗ್ರಾಹಕನ ಒಂದು ಕೈ. ಗ್ರಾಹಕನು ತನ್ನ ಬೀಗದ ಕೈಯನ್ನು ಕಳೆದುಕೊಂಡರೆ ಬ್ಯಾಂಕಿನವರು ಇನ್ನೊಂದು ಕೈಯನ್ನು ಮಾಡಿಸಿ ಕೊಟ್ಟು ಸುಮ್ಮನಾಗುವುದಿಲ್ಲ. ಅವನ ಖರ್ಚಿನಲ್ಲಿ ಲಾಕರನ್ನು ತೆರೆಯಿಸಿ ಬೀಗವನ್ನೇ ಬದಲಾಯಿಸುತ್ತಾರೆ. ಹಣದ ವ್ಯವಹಾರದಲ್ಲಿ ಪಳಗಿದವರು ಬೀಗವನ್ನು ಹೀಗೆ ಕಾಣುತ್ತಾರೆಂಬುದನ್ನು ನಾವು ಗಮನಿಸಬೇಕು.

ಸರ್ಕಾರದ ಕೋಠಿಗಳಲ್ಲಿ ಬೀಗ ನೆಲೆಯೂರುತ್ತಿದ್ದ ಕಾಲದಲ್ಲಿಯೇ ಯೂರೋಪಿನಲ್ಲಿ ಬೀಗದ ಯಂತ್ರವೂ ಸುಧಾರಿಸುತ್ತ ಬಂದಿತು. ಹಳೆಯ ಮಾದರಿಯ ಬೀಗದೊಳಗೆ ಕೆಲವು ತಡೆಗಳು ಮಾತ್ರ ಇರುತ್ತವೆ. ತಡೆಗಳಿಗೆ ತಾಗದಂತೆ ಕಚ್ಚು ಕೊರೆದ ಕೈ ಒಳಗೆ ಸುತ್ತುತ್ತದೆ. ತಡೆಗಳನ್ನು ತಪ್ಪಿಸಿಕೊಂಡು ಹೋಗುವಂತೆ ಬಾಗಿಸಿದ ಒಂದು ಕಂಬಿ ಸಿಕ್ಕಿದರೆ ನಿಜವಾದ ಕೈಯೇ ಬೇಕಾಗಿಲ್ಲ. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಎಂಬವನು, ಒಳಗಿನ ಲಿವರುಗಳನ್ನು ಸರಿಯಾಗಿ ಒಂದು ಎತ್ತರಕ್ಕೆ ಎತ್ತಿದರೆ ಮಾತ್ರ ತೆರೆಯುವ ಬೀಗವನ್ನು ಮಾಡಿದನು. ಕಡಮೆ ಎತ್ತಿದರೂ ತೆರೆಯದು, ಹೆಚ್ಚು ಎತ್ತಿದರೂ ತೆರೆಯದು. ನಮ್ಮ ಅಂಗಡಿಗಳಲ್ಲಿ ಐದು ಲಿವರು, ಏಳು ಲಿವರು ಎಂದು ಎಣಿಸಿ ಮಾರುವ ಬೀಗಗಳೆಲ್ಲ ಈ ವಂಶದವು. 1818ರಲ್ಲಿ ಜೆರೆಮಯ ಚಬ್ ಎಂಬವನು ಇದಕ್ಕೆ ಇನ್ನೊಂದು ಗುಣವನ್ನು ಕೂಡಿಸಿದನು. ಅವನ ಬೀಗದಲ್ಲಿ ಯಾರಾದರೂ ತಪ್ಪು ಕೈ ಹಾಕಿ ತಿರುಗಿಸಿದರೆ ಒಂದು ಲಿವರು ಮೇಲಕ್ಕೆ ಸಿಕ್ಕಿಕೊಳ್ಳುವುದು. ಮುಂದೆ ಯಜಮಾನನು ತನ್ನ ಕೈ ಹಾಕಿದಾಗ ಬೀಗ ಒಂದೇ ಸಲಕ್ಕೆ ತೆರೆಯದೆ, ಇದನ್ನು ಯಾರೋ ಮುಟ್ಟಿದ್ದಾರೆಂದು ಅವನಿಗೆ ತಿಳಿಸುವುದು.

ಇಂಥ ಬೀಗಗಳನ್ನು ಯಾರೂ ಬಿಡಿಸಲಾರರೆಂದು ಲಂಡನ್ನಿನವರು ಹೆಮ್ಮೆಪಡುತ್ತಿದ್ದರು. 1851ರ ಮಹಾಪ್ರದರ್ಶನಕ್ಕೆ ಬಂದ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಎಂಬವನು ಚಬ್ಬನ ಬೀಗವನ್ನು ಸುಮಾರು 25 ನಿಮಿಷಗಳಲ್ಲಿ ತೆರೆದನು. ಹಲವು ದಶಕಗಳಿಂದ ಪಂಥದ ಫಲಕದೊಡನೆ ಅಂಗಡಿಯ ಕಿಟಕಿಯಲ್ಲಿದ್ದ ಬ್ರಾಮಾನ ಬೀಗವನ್ನು 16 ದಿನಗಳಲ್ಲಿ ಹರಡಿದ 51 ಗಂಟೆಗಳ ದುಡಿಮೆಯಿಂದ ತೆರೆದನು. ಇದರಿಂದ ಎರಡು ಪಾಠಗಳು ಹೊರಡುತ್ತವೆ. ಮನುಷ್ಯನು ಮಾಡಿದ ಬೀಗವನ್ನು ಮನುಷ್ಯನು ತೆರೆಯಬಲ್ಲನು. ಆದರೆ ಮನೆಗಳ್ಳನಿಗೆ 51 ಗಂಟೆಗಳ ಬಿಡುವು ಇರುವುದಿಲ್ಲ. ಬೀಗದ ಕೆಲಸ ಕಳ್ಳನ ಹೊತ್ತನ್ನು ತಿನ್ನುವುದು. ಅಷ್ಟರಲ್ಲಿ ಯಾರಾದರೂ ನೋಡುವಂತಾದರೆ ಅದು ತನ್ನ ಕೆಲಸವನ್ನು ಮಾಡಿದಂತೆ. ಮುಂದೆ 1861 ಮತ್ತು 1865ರಲ್ಲಿ ಅಮೆರಿಕದ ಲೈನಸ್ ಯೇಲ್, ಸ್ಪ್ರಿಂಗಿನ ಮೇಲೆ ಕುಳಿತ ಸಣ್ಣ ಪಿನ್ನುಗಳ ಬೀಗಕ್ಕೆ ಹಕ್ಕುಪತ್ರ ಪಡೆದನು. ನಾವು ಜೇಬಿನಲ್ಲಿ ಇಟ್ಟುಕೊಳ್ಳುವ ಚಪ್ಪಟೆಯಾದ, ಗರಗಸದ ಹಲ್ಲಿನ ಬೀಗದ ಕೈ ಅಂದಿನ ಸಂತಾನ. ಪಿನ್ನುಗಳು ಕೆಳಕ್ಕೆ ಬಿದ್ದು ಅಗುಳಿಯನ್ನು ಹಿಡಿಯುವ ಈ ಉಪಾಯವನ್ನು ಪ್ರಾಚೀನ ಈಜಿಪ್ಟಿನವರು ಮರದ ಬೀಗಗಳಲ್ಲಿಯೇ ಬಲ್ಲವರಾಗಿದ್ದರು.

ಹಿಂದೂದೇಶದಲ್ಲಿ ಬೀಗದ ಕೈಗಾರಿಕೆ ಮೂರು ಕಡೆ ಹೆಸರಾಯಿತು. ಉತ್ತರದಲ್ಲಿ ಅಲೀಗಢ, ಪಶ್ಚಿಮದಲ್ಲಿ 1897ರಲ್ಲಿ ಅರ್ದೇಶಿರ್ ಗೋದ್ರೆಜರು ಮುಂಬಯಿಯಲ್ಲಿ ಪ್ರಾರಂಭಿಸಿದ ಕಾರ್ಖಾನೆ, ದಕ್ಷಿಣದಲ್ಲಿ ದಿಂಡಿಗಲ್ಲು. ಹೈದರಾಲಿಯು ಮೈಸೂರಿನ ಪರವಾಗಿ ಫೌಜುದಾರನಾಗಿದ್ದ ಊರು ಅದು. ಅಲ್ಲಿನ ಕಮ್ಮಾರರು ಕೈಯಿಂದ ಮಾಡುವ ಮಾವಿನಕಾಯಿಯ ಆಕಾರದ ಬೀಗಕ್ಕೆ ಬಹಳ ಪ್ರಸಿದ್ಧಿ. 2019ರಲ್ಲಿ ದಿಂಡಿಗಲ್ಲಿನ ಬೀಗಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಹೀಗೆ ಹಿಂದೆ ಸರ್ಕಾರಕ್ಕೂ ಸಾಹುಕಾರನಿಗೂ ಮಾತ್ರ ನಿಲುಕುತ್ತಿದ್ದ ಬೀಗ, ಸಂತೆಯ ಅಂಗಡಿಯಲ್ಲಿ ಉಪ್ಪು ಮೆಣಸಿನಕಾಯಿಯ ಪಕ್ಕದಲ್ಲಿ ಸಾಮಾನ್ಯ ಒಕ್ಕಲಿಗನಿಗೂ ದೊರೆಯುವಂತಾಯಿತು.

ಅದು ದೊರೆಯುವ ಹೊತ್ತಿಗೆ ಮನೆಯ ರೀತಿಯೇ ಬದಲಾಗಿದ್ದಿತು. ಇದನ್ನು ಕಾಣಬೇಕಾದರೆ ಕೃಷ್ಣರಾಜನಗರಕ್ಕೆ ಹೋಗಬೇಕು. ಅರ್ಕೇಶ್ವರನ ಸನ್ನಿಧಿಯ ಹಳೆಯ ಎಡತೊರೆ ಕಾವೇರಿಯ ಪ್ರವಾಹಕ್ಕೆ ಸಿಕ್ಕುತ್ತಿದ್ದುದರಿಂದ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1920ರ ದಶಕದ ಉತ್ತರಾರ್ಧದಲ್ಲಿ, ಎತ್ತರದ ನೆಲದಲ್ಲಿ ನೇರವಾದ ಬೀದಿಗಳ ಹೊಸ ಊರು ಎದ್ದಿತು. ಇಂಥ ಹೊಸ ಊರುಗಳಲ್ಲಿ ಸುಟ್ಟ ಇಟ್ಟಿಗೆಯ ಗೋಡೆ, ಚಿಕ್ಕ ಸಂಸಾರ, ಕಚೇರಿಗೆ ಹೋಗುವ ಯಜಮಾನ, ಶಾಲೆಗೆ ಹೋಗುವ ಮಕ್ಕಳು. ಗೋಡೆ ಗಟ್ಟಿಯಾದುದರಿಂದ ಕನ್ನ ಕೊರೆಯುವುದು ಕಷ್ಟವಾಯಿತು; ಮನೆ ಹಗಲು ಹೊತ್ತಿನಲ್ಲಿ ಖಾಲಿಯಾದುದರಿಂದ ಬಾಗಿಲನ್ನು ತೆರೆಯುವುದು ಸುಲಭವಾಯಿತು. ಕಳ್ಳನ ದೃಷ್ಟಿ ಗೋಡೆಯಿಂದ ಬಾಗಿಲಿಗೆ ತಿರುಗಿತು. ನಮ್ಮ ಇಂದಿನ ಬೀಗದ ಚರಿತ್ರೆ ಪ್ರಾರಂಭವಾಗುವುದು ಇಲ್ಲಿಂದಲೇ.

ಈ ಬದಲಾವಣೆಗಳೆಲ್ಲಕ್ಕೂ ಹೊಂದುವಂತೆ ಕಾನೂನು ಮೊದಲೇ ಸಿದ್ಧವಾಗಿದ್ದಿತು. 1860ರ ಇಂಡಿಯನ್ ಪೀನಲ್ ಕೋಡಿನ 445ನೆಯ ಕಲಮು ಮನೆ ಒಡೆಯುವ ಆರು ಬಗೆಗಳನ್ನು ಹೇಳಿ, ಉದಾಹರಣೆಗಳನ್ನು ಕೊಟ್ಟಿದೆ. ಮೊದಲನೆಯ ಉದಾಹರಣೆ ಗೋಡೆಯಲ್ಲಿ ತೂತು ಕೊರೆದು ಕೈಹಾಕುವವನದು. ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು ಇನ್ನೊಂದು: ಮನೆಯ ಯಜಮಾನನು ಕಳೆದುಕೊಂಡ ಬೀಗದ ಕೈ ಒಬ್ಬನಿಗೆ ಸಿಕ್ಕಿ, ಅವನು ಅದರಿಂದಲೇ ಬಾಗಿಲನ್ನು ತೆರೆದು ಅಕ್ರಮವಾಗಿ ಒಳಹೊಕ್ಕರೆ, ಅದೂ ಮನೆ ಒಡೆದಂತೆಯೇ ಸರಿ. ಬಾಗಿಲಿಗೆ ಒಂದು ಗೀರೂ ಬಿದ್ದಿಲ್ಲ, ಬೀಗ ಸರಿಯಾಗಿಯೇ ಇದೆ. ಆದರೂ ಮನೆ ಒಡೆದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 330ನೆಯ ಕಲಮಿನಲ್ಲಿಯೂ ಈ ಉದಾಹರಣೆ ಉಳಿದುಬಂದಿದೆ. ಒಂದೂವರೆ ಶತಮಾನಕ್ಕೂ ಮಿಕ್ಕಿ ಬಾಳಿದ ಈ ವಾಕ್ಯದಲ್ಲಿ ಬೀಗದ ತತ್ತ್ವವೆಲ್ಲ ಅಡಗಿದೆಯೆಂದರೆ ತಪ್ಪಾಗದು.

ಆದರೆ ಅದೇ ಕಾಲದ ಕಾನೂನು ಇನ್ನೊಂದು ಕಡೆ ದೊಡ್ಡ ಅನ್ಯಾಯವನ್ನೂ ಮಾಡಿತು. 1871ರ ಅಪರಾಧಿ ಬುಡಕಟ್ಟುಗಳ ಶಾಸನದಿಂದ, ಅಲೆದಾಡಿ ಬದುಕುತ್ತಿದ್ದ ಅನೇಕ ಜನಾಂಗಗಳು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿದುವು. ಬಾಗಿಲಿಗೆ ಹಾಕಬೇಕಾದ ಬೀಗವನ್ನು ಮನುಷ್ಯರಿಗೆ ಹಾಕಿದಂತಾಯಿತು. ಸ್ವಾತಂತ್ರ್ಯ ಬಂದ ಅನಂತರ, 1952ರಲ್ಲಿ, ಆ ಕಳಂಕವನ್ನು ಕಾನೂನು ಅಳಿಸಿತು. ಜನರ ಮನಸ್ಸಿನಿಂದ ಅದು ಪೂರ್ತಿಯಾಗಿ ಅಳಿಸಿದೆಯೆಂದು ಹೇಳುವಂತಿಲ್ಲ. ಬೀದಿಯಲ್ಲಿ ಹೊಸ ಮುಖ ಕಂಡೊಡನೆ ಅನುಮಾನಪಡುವವರು, ತಮ್ಮ ಬೀಗದ ಎರಡನೆಯ ಕೈ ಎಲ್ಲಿದೆಯೆಂದು ಕೇಳಿದರೆ ಎಷ್ಟೋ ವೇಳೆ ತಬ್ಬಿಬ್ಬಾಗುತ್ತಾರೆ. ಅನುಮಾನದಿಂದ ಮನೆ ಭದ್ರವಾಗುವುದಿಲ್ಲ, ಲೆಕ್ಕದಿಂದ ಆಗುತ್ತದೆ.

ಹೆಗ್ಗಡದೇವನಕೋಟೆಯ ಕಾಡಿನ ಕಡೆಗೆ ನೋಡಿದರೆ ಇದೇ ಮಾತು ಬೇರೊಂದು ರೀತಿಯಲ್ಲಿ ಸ್ಪಷ್ಟವಾಗುತ್ತದೆ. ಜೇನುಕುರುಬರ, ಕಾಡುಕುರುಬರ ಹಳೆಯ ಹಾಡಿಗಳಲ್ಲಿ ಗುಡಿಸಲಿನ ಬಾಗಿಲೆಂದರೆ ಬಿದಿರಿನ ತಟ್ಟಿ. ಅದು ಗಾಳಿಗೂ ಪ್ರಾಣಿಗೂ ಮರೆ; ನೆರೆಯವನಿಗೆ ತಡೆಯಾಗಿರಲಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಹಾಡಿಯಲ್ಲಿ ಆ ಪರಿಚಯವೇ ಕಾವಲು. 1974ರಲ್ಲಿ ಮುಗಿದ ಕಬಿನಿ ಜಲಾಶಯದ ನೀರಿನಲ್ಲಿ ಪುನ್ನಾಟರ ರಾಜಧಾನಿಯಾಗಿದ್ದ ಕಿತ್ತೂರು ಮೊದಲಾದ ಊರುಗಳು ಮುಳುಗಿದುವು. ನಾಗರಹೊಳೆಯ ಕಾಡಿನಿಂದ ಹೊರಗೆ ಬಂದ ಕುಟುಂಬಗಳಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆಗಳಲ್ಲಿ ಹೊಸ ಮನೆಗಳಾದುವು. ಹಳೆಯ ನೆರೆಹೊರೆ ಚೆದುರಿದ ಕಡೆ, ಪರಿಚಯ ಮಾಡುತ್ತಿದ್ದ ಕೆಲಸವನ್ನು ಬೀಗ ಮಾಡಬೇಕಾಗುತ್ತದೆ. ಬೀಗದ ಅಗತ್ಯ ಹೆಚ್ಚಿತೆಂದ ಮಾತ್ರಕ್ಕೆ ಜನ ಕೆಟ್ಟವರಾದರೆಂದು ಅರ್ಥವಲ್ಲ. ಒಬ್ಬರನ್ನೊಬ್ಬರು ಅರಿಯುವ ಅವಕಾಶ ಕಡಮೆಯಾಯಿತೆಂದು ಅರ್ಥ.

ಈಗ ನಮ್ಮ ಮೂರನೆಯ ಪ್ರಶ್ನೆ: ಬೀಗವನ್ನು ಬದಲಾಯಿಸಬೇಕಾದುದು ಯಾವಾಗ? ಬೀಗ ತುಕ್ಕುಹಿಡಿದು ತೆರೆಯದಂತಾದಾಗ ಎಂದು ಬಹು ಮಂದಿ ಉತ್ತರ ಕೊಡುತ್ತಾರೆ. ಈ ಚರಿತ್ರೆ ಬೇರೆ ಉತ್ತರವನ್ನು ಹೇಳುತ್ತದೆ. ಉತ್ತರದ ಕಡೆ ಕೀಲಿಕೈ ಎನ್ನುವುದನ್ನು ಮೈಸೂರಿನವರು ಬೀಗದ ಕೈ ಎನ್ನುತ್ತೇವೆ. ಎರಡರಲ್ಲಿಯೂ ಕೈ ಇದೆ. ಬೀಗ ಯಾರ ಕೈಯಲ್ಲಿದೆ, ಎಷ್ಟು ಕೈಗಳಲ್ಲಿದೆ ಎಂಬುದು ನಮಗೆ ತಿಳಿಯದೆ ಹೋದ ದಿನವೇ ಅದನ್ನು ಬದಲಾಯಿಸಬೇಕಾದ ದಿನ. ಒಂದು ಕೈ ಕಳೆದುಹೋದಾಗ, ಬಾಡಿಗೆಯವರು ಬಿಟ್ಟುಹೋದಾಗ, ಹಳೆಯ ಮನೆಯನ್ನು ಕೊಂಡುಕೊಂಡಾಗ, ಹೊಸ ಮನೆ ಕಟ್ಟಿ ಮುಗಿದಾಗ, ಏಕೆಂದರೆ ಅಲ್ಲಿಯವರೆಗೆ ಮೇಸ್ತ್ರಿ, ಬಡಗಿ, ಬಣ್ಣದವರು ಇವರೆಲ್ಲರ ಕೈಗೂ ಅದು ಹೋಗಿಬಂದಿರುತ್ತದೆ. ಇವರಲ್ಲಿ ಯಾರನ್ನೂ ಕಳ್ಳರೆಂದು ಎಣಿಸಬೇಕಾಗಿಲ್ಲ. ಬೀಗ ಬದಲಾದರೆ ಮುಂದೆ ಏನಾದರೂ ನಡೆದಾಗ ಅವರ ಮೇಲೆ ಅನುಮಾನ ಬರುವುದೂ ತಪ್ಪುತ್ತದೆ. ಸವೆದ ಬೀಗವನ್ನಂತೂ ಉಳಿಸಿಕೊಳ್ಳಬಾರದು. ಅಲ್ಲಾಡಿಸಿದರೆ ತೆರೆಯುವ ಬೀಗ ಇತರರ ಕೈಗೂ ತೆರೆಯುತ್ತದೆ.

ಬದಲಾಯಿಸುವ ಕ್ರಮದಲ್ಲಿಯೂ ಕೆಲವು ವಿವೇಕಗಳುಂಟು. ಮೊದಲು ಕದವನ್ನೂ ಚೌಕಟ್ಟನ್ನೂ ನೋಡಬೇಕು. ಗೆದ್ದಲು ಹಿಡಿದ ಚೌಕಟ್ಟಿಗೆ ಏಳು ಲಿವರಿನ ಬೀಗ ಹಾಕುವುದು ಹರಿದ ಚೀಲದ ಬಾಯನ್ನು ಭದ್ರವಾಗಿ ಕಟ್ಟಿದಂತೆ. ಕೊಂಡಿಯ ಸ್ಕ್ರೂಗಳು ಹೊರಗೆ ಕಾಣುವಂತಿದ್ದರೆ ಕಳ್ಳನು ಬೀಗದ ಗೊಡವೆಗೇ ಹೋಗದೆ ಕೊಂಡಿಯನ್ನೇ ಕಳಚುತ್ತಾನೆ. ಕೊಂಡಿ ಮಡಿಸಿದಾಗ ಸ್ಕ್ರೂಗಳು ಅದರ ಅಡಿಯಲ್ಲಿ ಮರೆಯಾಗಬೇಕು. ಹೊರಗೆ ತೂಗುವ ಬೀಗದಲ್ಲಿ ಇನ್ನೊಂದು ದೋಷವುಂಟು: ಮನೆಯಲ್ಲಿ ಯಾರೂ ಇಲ್ಲವೆಂದು ಅದು ಬೀದಿಗೆಲ್ಲ ಸಾರುತ್ತದೆ. ಕದದ ಒಳಗೆ ಕೂಡಿಸಿದ ಬೀಗಕ್ಕೆ ಆ ದೋಷವಿಲ್ಲ. ಅಂಥ ಬೀಗವನ್ನು ಬದಲಾಯಿಸುವಾಗ ಹಳೆಯದನ್ನು ಕಳಚಿ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತಂದರೆ ಕದವನ್ನು ಹೊಸದಾಗಿ ಕೊರೆಯಬೇಕಾಗುವುದಿಲ್ಲ. ಪಿನ್ನಿನ ಬೀಗಗಳಲ್ಲಿ ಎಷ್ಟೋ ವೇಳೆ ನಡುವಿನ ಉರುಳೆಯೊಂದನ್ನು ಬದಲಾಯಿಸಿದರೆ ಸಾಕು. ಹಳೆಯ ಕೈಗಳೆಲ್ಲ ನಿಷ್ಪ್ರಯೋಜಕವಾಗುತ್ತವೆ. ಯಾವ ಬೀಗವಾದರೂ ಒಳಗಿರುವವರು ಬೆಂಕಿ ಮೊದಲಾದ ಅಪಾಯದಲ್ಲಿ ತಡವಿಲ್ಲದೆ ತೆರೆದು ಹೊರಬರುವಂತಿರಬೇಕೆಂಬುದನ್ನು ಮರೆಯಬಾರದು. ಬೆರಳಿನ ಗುರುತಿನಿಂದಲೋ ಅಂಕಿಗಳಿಂದಲೋ ತೆರೆಯುವ ಇಂದಿನ ಬೀಗಗಳಿಗೂ ನಿಯಮ ಒಂದೇ. ಹತ್ತು ಮಂದಿಗೆ ತಿಳಿದ ಅಂಕಿ ಹತ್ತು ಮಂದಿಯ ಜೇಬಿನಲ್ಲಿರುವ ಕೈಗೆ ಸಮ.

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರರು ಸೊಪ್ಪನ್ನು ಹದಮಾಡುವ ಕಾಲದಲ್ಲಿ ಹಲವು ದಿನ ರಾತ್ರಿಹಗಲು ಬ್ಯಾರನ್ನಿನ ಬೆಂಕಿಯನ್ನು ನೋಡಿಕೊಳ್ಳಬೇಕಾಗುತ್ತದೆ. ನಗರದವರು ಮದುವೆ, ಯಾತ್ರೆಗಳಿಗೆಂದು ವಾರಗಟ್ಟಲೆ ಮನೆ ಬಿಡುತ್ತಾರೆ. ಇಬ್ಬರ ಮನೆಯನ್ನೂ ಕಾಯಲು ತಳವಾರನಿಲ್ಲ, ತೋಟಿಯಿಲ್ಲ. ಇರಬೇಕೆಂದು ಬಯಸುವುದೂ ಸರಿಯಲ್ಲ. ಒಬ್ಬ ಮನುಷ್ಯನ ಎಚ್ಚರದ ರಾತ್ರಿಗಳಿಗೆ ಬದಲಾಗಿ ನಮಗೆ ಬೀಗ ದೊರೆತಿದೆ. ಅದು ನಿದ್ರೆಗೆಡುವುದಿಲ್ಲ, ಹಸಿಯುವುದಿಲ್ಲ, ಹೊಸ್ತಿಲಾಚೆ ನಿಲ್ಲಿಸಿದರೂ ನೋಯುವುದಿಲ್ಲ. ಅದು ನಮ್ಮಿಂದ ಕೇಳುವುದು ತನ್ನ ಕೈಗಳ ಲೆಕ್ಕವನ್ನು ಮಾತ್ರ.

ಈ ರಾತ್ರಿ ಬಾಗಿಲು ಹಾಕುವ ಮೊದಲು ನಿಮ್ಮ ಬೀಗದ ಕೈಗಳನ್ನು ಒಂದು ಕಡೆ ತಂದು ಎಣಿಸಿ ನೋಡಿ. ಕೊಂಡಾಗ ಬಂದುವು ಎಷ್ಟು, ಆಮೇಲೆ ಮಾಡಿಸಿದುವು ಎಷ್ಟು, ಈಗ ಇರುವುವು ಎಷ್ಟು, ಉಳಿದುವು ಯಾರ ಬಳಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಲೆಕ್ಕ ಸರಿಹೋದರೆ ಸುಖವಾಗಿ ನಿದ್ರೆ ಮಾಡಬಹುದು. ಸರಿಹೋಗದಿದ್ದರೆ ನಾಳೆ ಬೆಳಗ್ಗೆ ಕಬ್ಬಿಣದ ಅಂಗಡಿಗೆ ಹೋಗಿ ಹೊಸ ಬೀಗವನ್ನು ತನ್ನಿ. ಅದರ ಒಂದು ಕೈಯನ್ನು, ನೀವು ಚೆನ್ನಾಗಿ ಬಲ್ಲ ನೆರೆಯವರೊಬ್ಬರಿಗೆ ಕೊಟ್ಟು, ಆ ಸಂಗತಿಯನ್ನೂ ಚೀಟಿಯಲ್ಲಿ ಬರೆದಿಡಿ.